ಕೆರೆಯ ಮೀನುಗಳಿಗೆ ಹಿಟ್ಟಿನ ಉಂಡೆ ಹಾಕುವುದನ್ನು ನಿಲ್ಲಿಸಿದ ಬಗ್ಗೆ

ಮೊದಲಿಗೇ ಒಂದು ಅಂಶವನ್ನು ಓದುಗರ ಗಮನಕ್ಕೆ ತರಬೇಕಾಗಿದೆ. ನಾನು ಇದುವರೆಗೆ ಪತ್ರ, ಜ್ಞಾಪನ, ಸುತ್ತೋಲೆ ಹಾಗೂ ಸಭಾ ನಡವಳಿಗಳ ಹೊರತು ಬೇರೇನನ್ನೂ ಬರೆದವಳಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ, ಅಧೀಕ್ಷಕಿಯಾಗಿ ನಿವೃತ್ತಿ ಹೊಂದಿದವಳು. ನಡೆದದ್ದನ್ನು ಬರೆದಿಡಬೇಕೆಂದು ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಒತ್ತಾಯಿಸಿದ್ದರಿಂದ ಕಾಗದ ಹಿಡಿದು ಕುಳಿತೆ. ‘ವಿಷಯ’ ಮತ್ತು ‘ಉಲ್ಲೇಖ’ ಎಂಬ ಎರಡು ಸಾಲುಗಳು ತಾವಾಗಿಯೇ ಬಂದವು. ಆಮೇಲೆ ಏನೂ ಬರಲಿಲ್ಲ. ಉಲ್ಲೇಖಿಸಲು ನನ್ನ ನೆನಪಿನ ಹೊರತು ಬೇರೆ ದಾಖಲೆ ಇಲ್ಲವಾದ್ದರಿಂದ ಆ ಸಾಲನ್ನು ಹೊಡೆದುಹಾಕಿದ್ದೇನೆ. ವಿಷಯ ಮಾತ್ರ ಮೇಲ್ಗಡೆ ಉಳಿದಿದೆ. ಲೋಪವಿದ್ದಲ್ಲಿ ಮನ್ನಿಸಬೇಕು.

ನಾವು ವಾಸವಿರುವುದು ಮಲ್ಲತ್ತಹಳ್ಳಿಯಲ್ಲಿ, ಕೆರೆಯ ದಂಡೆಗೆ ತೀರ ಸಮೀಪದಲ್ಲಿ. ನಮ್ಮ ಯಜಮಾನರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ತಪಾಸಣಾ ವಿಭಾಗದಲ್ಲಿದ್ದವರು. ತಯಾರಾದ ಬಿಡಿಭಾಗ ಸರಿಯಿದೆಯೇ ಇಲ್ಲವೇ ಎಂದು ಅಳತೆ ಹಿಡಿದು ನೋಡುವುದು ಅವರ ಕೆಲಸ. ಸ್ವಂತ ಭಾವಮೈದುನ, ಅಂದರೆ ಅದೇ ಕಾರ್ಖಾನೆಯಲ್ಲಿದ್ದ ನನ್ನ ತಮ್ಮ, ಲೇತಿನಲ್ಲಿ ಕಡೆದು ಕೊಟ್ಟ ಬಿಡಿಭಾಗಗಳ ರಾಶಿಯನ್ನೇ ತಿರಸ್ಕರಿಸಿ, ಅಂದು ಸಂಜೆ ಅವನೊಡನೆಯೇ ಕುಳಿತು ಊಟ ಮಾಡಿದ ಕೀರ್ತಿ ಅವರದು. ನಿವೃತ್ತಿಯ ನಂತರ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ದಿನವೂ ನಡೆಯಬೇಕೆಂದು ವೈದ್ಯರು ಸೂಚಿಸಿದರು. ಯಜಮಾನರು ಸದರಿ ಸೂಚನೆಯನ್ನು ಓದಿ, ಮಡಚಿ, ಔಷಧದ ಡಬ್ಬಿಯಲ್ಲಿಟ್ಟು, ಗೇಟಿಗೆ ಎದುರಾಗಿರುವ ಕುರ್ಚಿಯಲ್ಲಿ ಕುಳಿತರು. ಬೆಳಿಗ್ಗೆ ಕುಳಿತವರು ಊಟಕ್ಕೆ ಏಳುತ್ತಿದ್ದರು. ನಾನು ಏನು ಕೇಳಿದರೂ ಒಂದೇ ಅಕ್ಷರದ ಉತ್ತರ. ಮಾತಿಗೆ ಜನ ಬಂದರೆ ಆ ಅಕ್ಷರವೂ ಇಲ್ಲ.

ಆ ಸಂದರ್ಭದಲ್ಲಿ ಅವರ ಅಕ್ಕ, ತಮಗೆ ಪರಿಚಯದ ಜೋಯಿಸರಲ್ಲಿ ಜಾತಕ ತೋರಿಸಿ, ಶನಿವಾರ ಶನಿವಾರ ಮೀನುಗಳಿಗೆ ಗೋಧಿ ಹಿಟ್ಟಿನ ಉಂಡೆ ಹಾಕಿದರೆ ಒಳ್ಳೆಯದೆಂದು ತಿಳಿಸಿದರು. ಯಜಮಾನರಿಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ನನಗೂ ಅಷ್ಟಕ್ಕಷ್ಟೆ. ಆದರೆ ಮೀನುಗಳು ನಮ್ಮ ಹಜಾರಕ್ಕೆ ಬರಲಾರವು, ಇವರೇ ಕೆರೆಗೆ ಹೋಗಬೇಕಾಗುತ್ತದೆ ಎಂಬ ಅಂಶವನ್ನು ಗಮನಿಸಿ, ನಾನು ಪ್ರಸ್ತಾವನೆಯನ್ನು ಬಲವಾದ ಶಿಫಾರಸಿನೊಂದಿಗೆ ಮುಂದೆ ಕಳಿಸಿದೆ.

“ಒಂದ್ ಶನಿವಾರ ಹಾಕ್ಬಿಟ್ ಬನ್ರೀ. ನಿಮ್ಮಕ್ಕನ ಬಾಯಿ ಮುಚ್ಚುತ್ತೆ.”

“ಅವಳ ಬಾಯಿ ಮುಚ್ಚಕ್ಕೆ ಉಂಡೆ ಅವಳಿಗೇ ಕೊಡು” ಎಂದರು. ಆದರೂ ಹೋದರು.

ಬಹಳ ಹೊತ್ತಾದರೂ ಬರಲಿಲ್ಲ. ನನಗೆ ಗಾಬರಿಯಾಗಿ ಹೊರಡುವಷ್ಟರಲ್ಲಿ ಗೇಟು ತೆಗೆದರು. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

“ಒಂದು ದಪ್ಪಂದಿದೆ ಕಣೇ. ಬೇರೆಯವಕ್ಕೆ ಬಿಡೋದೇ ಇಲ್ಲ, ಎಲ್ಲಾ ತಾನೇ ನುಂಗುತ್ತೆ. ಥೇಟ್ ನಮ್ ಫೋರ್‌ಮನ್ನು!”

ಮರುದಿನ ಭಾನುವಾರ. ಶನಿಗೂ ಭಾನುವಾರಕ್ಕೂ ಸಂಬಂಧವಿಲ್ಲವೆಂದು ನಾನು ನೆನಪಿಸಿದರೂ ಹಿಟ್ಟು ಕೇಳಿದರು. ಆಮೇಲೆ ದಿನವೂ. ಚಿಕ್ಕವು ಹಿಂದೆ ಉಳಿಯುವುದರಿಂದ ಎರಡು ಅಳತೆಯ ಉಂಡೆ ಬೇಕು. ಮೆತ್ತಗಾದರೆ ನೀರಿನಲ್ಲಿ ಕರಗಿಹೋಗುವುದರಿಂದ ಹಿಟ್ಟು ಗಟ್ಟಿಯಿರಬೇಕು. ಮನೆಯಲ್ಲಿ ಮನುಷ್ಯರ ಚಪಾತಿಗೆ ಮುಂಚೆ ಮೀನಿನ ಹಿಟ್ಟನ್ನು ನಾದುವುದು ನನ್ನ ಕರ್ತವ್ಯವಾಯಿತು. ಕಲಸಿದ್ದನ್ನು ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಪ್ಪಿಗೆಯಾದರೆ ಮಾತ್ರ ಒಯ್ಯುತ್ತಿದ್ದರು. ಕೆರೆಯ ಮೆಟ್ಟಿಲಿನಲ್ಲಿ ಅವರ ಸುತ್ತ ಜನ ಸೇರತೊಡಗಿದರು. ‘ಮೀನಿನ ಸಾರ್’ ಎಂದು ಹೆಸರಾಯಿತು. ಒಬ್ಬರು ಕಡಲೆಪುರಿ ತಂದರು, ಇನ್ನೊಬ್ಬರು ಒಣಗಿದ ಬ್ರೆಡ್ಡು, ಮತ್ತೊಬ್ಬರು ರಾತ್ರಿ ಮಿಕ್ಕಿದ ಅನ್ನ. ಅಮಾವಾಸ್ಯೆಯ ದಿನವಂತೂ ಮೆಟ್ಟಿಲಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ.

ಯಜಮಾನರು ಮೆಟ್ಟಿಲಲ್ಲಿ ಕೂರುತ್ತಿದ್ದರೇ ಹೊರತು ನಡೆಯುತ್ತಿರಲಿಲ್ಲ. ಆದರೂ ಮನೆಯಿಂದ ಹೊರಗೆ ಹೋಗುತ್ತಿದ್ದರು, ಸುದ್ದಿ ಹೊತ್ತು ತರುತ್ತಿದ್ದರು, ತಿಂಡಿ ತಿನ್ನುತ್ತಾ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಆ ಕುರ್ಚಿ ಖಾಲಿ ಇರುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ತಂಪಾಗುತ್ತಿತ್ತು. ಮುಂದಿನ ಸಂಗತಿಗಳನ್ನು ಓದುವಾಗ ಈ ಒಂದು ಅಂಶವನ್ನು ದಯಮಾಡಿ ನೆನಪಿನಲ್ಲಿಡತಕ್ಕದ್ದು.

ಸಂಕ್ರಾಂತಿ ಕಳೆದ ಮೇಲೆ ಕೆರೆಯ ನೀರು ಹಸಿರಾಗತೊಡಗಿತು. ಮೊದಲು ತೆಳ್ಳಗೆ, ಎಳನೀರಿಗೆ ಒಂದೆಲೆ ಸೊಪ್ಪು ಕಿವುಚಿದಂತೆ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಬಲಿತಂತೆ ಅದೂ ಬಲಿಯಿತು. ದಂಡೆಯ ಮೂಲೆಗಳಲ್ಲಿ ಕೊತ್ತಂಬರಿ ಚಟ್ನಿ ಚೆಲ್ಲಿದಂತೆ ಪಾಚಿ ನಿಂತಿತು. ವಾಸನೆಯೂ ಹೊರಟಿತು. ಬೆಳಗಿನ ನಡಿಗೆಯವರ ಸಂಘವೊಂದು ನಮ್ಮಲ್ಲಿದೆ. ಅಧ್ಯಕ್ಷರು ಹಳೆಯ ಊರಿನ ಒಕ್ಕಲು ಮನೆತನದವರು. ಈ ಕೆರೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ ಅವರ ಗದ್ದೆಗಳಲ್ಲಿ ಈಗ ಅವರದೇ ಬಾಡಿಗೆ ಮನೆಗಳಿವೆ. ಕಾರ್ಯದರ್ಶಿ ನಾನು. ಅರ್ಜಿ ಬರೆಯಲು ಬರುವವರು ಯಾರೆಂದು ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದ್ದೇ ನನ್ನ ಆಯ್ಕೆಯ ವಿಧಾನ.

ಪಾಚಿಯ ಕಾರಣ ನನಗೆ ತಿಳಿದದ್ದು ಅಡುಗೆಮನೆಯಲ್ಲಿ, ಯುಗಾದಿಯ ದಿನ. ಮಹಡಿಯ ಹುಡುಗಿ ಬಾಗಲಕೋಟೆ ಕಡೆಯವಳು. ಕೆರೆಗಳ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಹಬ್ಬಕ್ಕೆ ಊರಿಗೆ ಹೋಗಲಾಗದೆ ಉಳಿದಿದ್ದಳಾದ್ದರಿಂದ ಕೆಳಗೆ ಕರೆದಿದ್ದೆ. ನಾನು ಒಬ್ಬಟ್ಟು ತಟ್ಟುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ಮಧ್ಯದಲ್ಲಿ ಕಣಕ ಮುಗಿಯಿತು. ಹೂರಣ ಅರ್ಧ ಪಾತ್ರೆ ಉಳಿಯಿತು. ಈ ಲೆಕ್ಕ ನನಗೆ ಯಾವ ವರ್ಷವೂ ತಾಳೆಯಾದದ್ದಿಲ್ಲ. ಕೈ ಒರೆಸಿಕೊಳ್ಳುತ್ತಾ, ಕೆರೆ ಯಾಕಮ್ಮ ಹಾಗಾಯಿತು ಎಂದು ವಿಚಾರಿಸಿದೆ.

“ಇಲ್ಲೇ ನೋಡ್ರಿ ಆಂಟಿ” ಎಂದಳು. “ಹೂರಣ ಇಷ್ಟ್ ಉಳದೈತಿ. ಕಣಕ ಖಾಲಿ. ಇನ್ನೊಂದ್ ಹೋಳಿಗಿ ಆಕ್ಕೈತೇನ್ರಿ?”

“ಎಲ್ಲಾಗುತ್ತೆ?”

“ಪಾಚೀದೂ ಹಂಗ ರಿ. ಅದಕ್ಕ ಬಿಸಿಲು ಬೇಕು, ನೈಟ್ರೋಜನ್ ಬೇಕು, ಫಾಸ್ಫರಸ್ ಬೇಕು. ಉಳದದ್ದೆಲ್ಲಾ ಎಷ್ಟರ ಇರಲಿ, ಯಾವ್ದು ಕಡಿಮಿ ಐತಿ, ಅದು ಮುಗದ ಕೂಡ್ಲೆ ಪಾಚಿ ಬೆಳ್ಯೂದು ನಿಲ್ತೈತಿ. ನಮ್ ಕೆರ್ಯಾಗ ಕಡಿಮಿ ಇರೂದು ಫಾಸ್ಫರಸ್ ಅಂತ ನನಗ ಅನಸ್ತೈತಿ. ಅದು ಕಣಕ ಇದ್ದಂಗ.”

ಶಾಲೆಯಲ್ಲಿ ರಂಜಕವೆಂದು ಓದಿದ್ದ ಈ ಫಾಸ್ಫರಸ್ ಯುಗಾದಿಯ ದಿನ ನನ್ನ ಪಾತ್ರೆಯ ತಳದಲ್ಲಿ ಕಾಣಿಸಿತು. ಅಷ್ಟರಲ್ಲಿ ಹಜಾರದಿಂದ ಯಜಮಾನರ ಸ್ವರ ಬಂತು.

“ಅದಕ್ಕೇನಂತೆ? ಗೋಧಿ ಹಿಟ್ಟಿದೆಯಲ್ಲ, ಇನ್ನೊಂದಿಷ್ಟು ಕಲಸು!”

ಹುಡುಗಿ ಸಟ್ಟುಗವನ್ನು ಕೆಳಗಿಟ್ಟು ಬಾಗಿಲಿಗೆ ಹೋದಳು. “ಅಂಕಲ್, ಸಿಟ್ಟಾಗಬ್ಯಾಡ್ರಿ. ನೀವು ದಿನಾ ಕೆರಿಗೆ ಹೋಗಿ ಮಾಡೂದು ಅದನ್ನ ನೋಡ್ರಿ. ಪಾಚಿಗೆ ಕಣಕ ಸಾಲೂದಿಲ್ಲ, ನೀವು ಕಲಸಿ ಒಯ್ದು ಕೊಡ್ತೀರಿ.”

ಉಂಡೆಯಲ್ಲೂ ಪುರಿಯಲ್ಲೂ ರಂಜಕವಿರುತ್ತದೆ. ಮೀನು ತಿಂದದ್ದು ಮೀನಿನಿಂದ, ತಿನ್ನದೆ ಬಿಟ್ಟದ್ದು ಕೊಳೆತು, ಹೇಗೂ ನೀರು ಸೇರುತ್ತದೆ, ಪಾಚಿ ಅತಿಯಾದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನಿಗೇ ಉಸಿರು ಕಟ್ಟುತ್ತದೆ ಎಂದು ವಿವರಿಸಿದಳು. ರಂಜಕವಿರುವ ಬಟ್ಟೆ ಸೋಪಿನ ಪುಡಿಯ ನೀರು ಚರಂಡಿಯಿಂದ ಕೆರೆಗೆ ಬರುವುದು ಇದಕ್ಕಿಂತ ದೊಡ್ಡ ಕಾರಣವೆಂದೂ ಹೇಳಿದಳು. ಯಜಮಾನರು ಎರಡನೆಯದನ್ನು ಮಾತ್ರ ಕೇಳಿಸಿಕೊಂಡರು.

“ಹಂಗಾದ್ರೆ ಮೊದ್ಲು ಸೋಪು ನಿಲ್ಸಮ್ಮ. ನನ್ನ ಮೀನಿನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?” ಎಂದು ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.

ಮುಂದಿನ ಭಾನುವಾರ ಸಂಘದ ಸಭೆ ಹೊಂಗೆ ಮರದ ಕೆಳಗೆ ಸೇರಿತು. ಹುಡುಗಿ ಅಲ್ಲಿಯೂ ಬಂದು ವಿವರಿಸಿದಳು. ಎರಡು ನಿರ್ಣಯಗಳಾದವು. ಚರಂಡಿಯ ನೀರು ಕೆರೆ ಸೇರದಂತೆ ಕ್ರಮ ವಹಿಸಲು ಸಂಬಂಧಪಟ್ಟವರಿಗೆ ಮನವಿ ಸಲ್ಲಿಸುವುದು ಮೊದಲನೆಯದು. ಅದನ್ನು ನಾನು ಅಂದೇ ಬರೆದು ಮುಗಿಸಿದೆ. ಮೀನಿಗೆ ಯಾರೂ ಏನನ್ನೂ ಹಾಕಬಾರದೆಂದು ಮೆಟ್ಟಿಲ ಬಳಿ ಫಲಕ ನಿಲ್ಲಿಸುವುದು ಎರಡನೆಯದು.

ಎರಡನೆಯದು ಬಹಳ ದಿನ ನನ್ನ ಕೈಯಲ್ಲೇ ಉಳಿಯಿತು. ಸೇವೆಯಲ್ಲಿದ್ದಾಗ ನಾನು ಕಡತ ತಡೆದವಳೆಂಬ ಹೆಸರು ಪಡೆದಿರಲಿಲ್ಲ. ಆದರೆ ತಡೆಯುವ ವಿಧಾನಗಳೆಲ್ಲ ಪಕ್ಕದ ಮೇಜುಗಳಲ್ಲಿ ನಿತ್ಯ ಕಂಡವೇ. ಫಲಕ ಮರದ್ದೋ ತಗಡಿನದ್ದೋ ಎಂದು ಅಧ್ಯಕ್ಷರಲ್ಲಿ ಸ್ಪಷ್ಟೀಕರಣ ಕೋರಿದೆ. ತಗಡು ಎಂದರು. ಹಿನ್ನೆಲೆ ಹಸಿರೋ ನೀಲಿಯೋ ಎಂದು ಕೇಳಿದೆ. ಯಾವುದಾದರೂ ಆಗಬಹುದೆಂದರು. ‘ಯಾವುದಾದರೂ’ ಎಂಬುದು ನಿರ್ದಿಷ್ಟವಾಗಿಲ್ಲವೆಂದು ಮತ್ತೆ ಅವರ ಮುಂದಿಟ್ಟೆ.

“ಮೇಡಂ, ಬೋರ್ಡ್ ಎಲ್ಲೀಗ್ ಬಂತು?” ಎಂದು ಅಧ್ಯಕ್ಷರು ನಡೆಯುತ್ತಲೇ ಕೇಳುತ್ತಿದ್ದರು.

“ಕರಡು ತಯಾರಾಗ್ತಿದೆ ಸಾರ್.”

“ಎರಡ್ ಸಾಲಿಗೆ ಕರಡಾ! ನಮ್ಮಪ್ಪ ಅಷ್ಟೊತ್ತಿಗೆ ಒಂದ್ ಗದ್ದೆ ನಾಟಿ ಮುಗಿಸೋರು ಕಣಮ್ಮ.”

ಕೊನೆಗೆ ಅವರು ಕಾಯಲಿಲ್ಲ. ಒಂದು ಬೆಳಿಗ್ಗೆ ನೇರವಾಗಿ ಮೆಟ್ಟಿಲಿಗೆ ಹೋಗಿ ಯಜಮಾನರಿಗೆ ತಿಳಿಸಿಯೇಬಿಟ್ಟರು. ಅಲ್ಲಿ ಆದ ಮಾತನ್ನು ಅಧ್ಯಕ್ಷರೇ ಆಮೇಲೆ ನನಗೆ ವರದಿ ಮಾಡಿದರು. “ಸಾರ್, ನೀವ್ ಮೀನಿಗ್ ಹಾಕೋದ್ ನೋಡಿದ್ರೆ ನಾನೇ ಮೀನಾಗಿ ಹುಟ್ಬಾರ್ದಿತ್ತಾ ಅನ್ಸುತ್ತೆ. ಆದ್ರೂ ಬಂದ್ ಮಾಡ್ಬೇಕು. ನಿಮ್ ಮನೆಯೋರೇ ಕಾರ್ಯದರ್ಶಿ, ಅವ್ರೇ ಬೋರ್ಡ್ ಬರೀತಾವ್ರೆ” ಎಂದರಂತೆ.

ಯಜಮಾನರು ಹಿಟ್ಟಿನ ಡಬ್ಬಿಯನ್ನು ತುಂಬಿದಂತೆಯೇ ವಾಪಸು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

“ನಂಗ್ ಯಾಕೆ ಹೇಳ್ಲಿಲ್ಲ?”

“ಕರಡು ಹಂತದಲ್ಲಿತ್ತು” ಎಂದೆ.

ಅವರು ಹೋಗಿ ಕುರ್ಚಿಯಲ್ಲಿ ಕುಳಿತರು. ಆ ದಿನವಿಡೀ ಏಳಲಿಲ್ಲ. ಮರುದಿನ ನಾನು ಹಿಟ್ಟು ಕಲಸಲು ಹೋದರೆ ಬೇಡವೆಂದು ಕೈಯಾಡಿಸಿದರು. ಗೇಟಿನ ಆಚೆ ತರಕಾರಿಯವನು ಕೂಗಿ ಹೋದ, ಪೇಪರಿನವನು ಬಂದು ಹೋದ. ಇವರ ಕಣ್ಣು ಗೇಟಿನ ಚಿಲಕದ ಮೇಲಿತ್ತು. ಕೆರೆ ಹಸಿರಾಗಿಯೇ ಇದ್ದುಬಿಡಲಿ ಎಂದು ನನ್ನ ಮನಸ್ಸಿಗೆ ಬಂದದ್ದನ್ನು, ಸಂಘದ ಕಾರ್ಯದರ್ಶಿಯ ಸ್ಥಾನಕ್ಕೆ ತಕ್ಕದ್ದಲ್ಲವಾದರೂ, ಇಲ್ಲಿ ನಮೂದಿಸುತ್ತಿದ್ದೇನೆ.

ಮೂರನೆಯ ದಿನ ಅವರು ಇದ್ದಕ್ಕಿದ್ದಂತೆ ಎದ್ದು ಮಹಡಿಯ ಮೆಟ್ಟಿಲ ಬಳಿ ನಿಂತು ಹುಡುಗಿಯನ್ನು ಕೂಗಿದರು.

“ಏನಮ್ಮಾ, ನಿನ್ನ ಕಣಕದ ಕಥೆಗೆ ಪ್ರೂಫ್ ಇದೆಯಾ? ನಮ್ ಫ್ಯಾಕ್ಟ್ರೀಲಿ ಬರೀ ಬಾಯ್ಮಾತಿಗೆ ಯಾವ ಪೀಸೂ ರಿಜೆಕ್ಟ್ ಮಾಡ್ತಿರ್ಲಿಲ್ಲ.”

“ಮಾಡಿ ನೋಡೂಣಲ್ರಿ ಅಂಕಲ್. ಬಕೀಟ್ ಅದಾವೇನ್ರಿ?”

ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಉಳಿದಿದ್ದ ಬಣ್ಣದ ಬಕೆಟುಗಳನ್ನು ಇಬ್ಬರೂ ಸೇರಿ ತೊಳೆದರು. ಕೆರೆಯ ನೀರನ್ನು ಕೊಡದಲ್ಲಿ ಹೊತ್ತು ತಂದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಎಲ್ಲದಕ್ಕೂ ಸಮನಾಗಿ ಸುರಿದು, ತಾರಸಿಯಲ್ಲಿ ಬಿಸಿಲು ಬೀಳುವ ಕಡೆ ಸಾಲಾಗಿ ನಿಲ್ಲಿಸಿದರು. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಚಿಟಿಕೆ ಯೂರಿಯಾ. ನೈಟ್ರೋಜನ್ ಇರುವುದು ಅದರಲ್ಲಂತೆ. ಇನ್ನೊಂದಕ್ಕೆ ನರ್ಸರಿಯಿಂದ ತಂದ ಫಾಸ್ಫೇಟ್ ಗೊಬ್ಬರ. ಮತ್ತೊಂದಕ್ಕೆ ನಮ್ಮ ಮನೆಯದೇ ಸೋಪಿನ ಪುಡಿ. ಕಡೆಯದಕ್ಕೆ ಹಿಟ್ಟಿನ ಉಂಡೆ. ಅದನ್ನು ಯಜಮಾನರೇ ಕಲಸಿದರು. ನನ್ನ ಕೈಗೆ ಕೊಡಲಿಲ್ಲ. ಅಂದಿನಿಂದ ಅವರು ಕುರ್ಚಿಯಲ್ಲಿ ಕೂರಲಿಲ್ಲ. ತಾರಸಿ ಹತ್ತುವುದು, ಬಗ್ಗಿ ನೋಡುವುದು, ಇಳಿಯುವುದು. ವೈದ್ಯರು ಮೆಟ್ಟಿಲು ಹತ್ತುವುದರ ಬಗ್ಗೆ ಏನು ಹೇಳಿದ್ದರೆಂದು ನಾನು ಔಷಧದ ಡಬ್ಬಿ ತೆರೆದು ಪರಿಶೀಲಿಸಿದೆ. ನಿಧಾನವಾಗಿ ಹತ್ತಲು ಅಡ್ಡಿಯಿಲ್ಲವೆಂದಿತ್ತು.

ಪ್ರಕರಣ ಹೀಗೆ ಸುಗಮವಾಗಿ ಸಾಗುತ್ತಿರುವಾಗ ಡೆಂಗಿ ತಪಾಸಣೆಗೆ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆ ನಮ್ಮ ಗೇಟು ತಟ್ಟಿದರು. ನೀರು ನಿಲ್ಲಿಸಬೇಡಿರೆಂದು ಬೀದಿಗೆಲ್ಲ ಹಂಚಿದ ಕರಪತ್ರದ ಕೆಳಗೆ ಇದ್ದದ್ದು ನನ್ನದೇ ಸಹಿ. ಆಕೆ ತಾರಸಿಗೆ ಹೋಗಿ, ಬಕೆಟುಗಳ ಸಾಲನ್ನು ನೋಡಿ, ಸೊಂಟದ ಮೇಲೆ ಕೈಯಿಟ್ಟರು.

“ಏನಾಂಟಿ ಇದು! ಊರಿಗೆಲ್ಲಾ ಬುದ್ಧಿ ಹೇಳ್ಬಿಟ್ಟು ನೀವೇ ಸೊಳ್ಳೆ ಸಾಕ್ತಾ ಇದೀರಾ?”

“ಸೊಳ್ಳೆ ಅಲ್ಲಮ್ಮ, ಪಾಚಿ” ಎಂದು ಯಜಮಾನರು ಹೆಮ್ಮೆಯಿಂದ ತಿದ್ದಿದರು.

“ಪಾಚಿ ಬೇರೆ ಬೆಳೆಸ್ತಾರಂತೆ! ಅಂಕಲ್, ಇವತ್ತೇ ಚೆಲ್ಲಿ.”

“ಇವತ್ತ್ ಆಗಲ್ಲ. ಇನ್ನೂ ತೀರ್ಮಾನ ಆಗಿಲ್ಲ.”

“ಯಾರ್ ತೀರ್ಮಾನ? ಸೊಳ್ಳೇದಾ?”

ನಾನು ಓಡಿಹೋಗಿ ಹಳೆಯ ಸೊಳ್ಳೆ ಪರದೆಯನ್ನು ತಂದು ಕತ್ತರಿಸಿದೆ. ಒಂದೊಂದು ತುಂಡನ್ನು ಒಂದೊಂದು ಬಕೆಟಿನ ಬಾಯಿಗೆ ಬಿಗಿದು ಕಟ್ಟಿ, ಸೊಳ್ಳೆ ಒಳಗೆ ಹೋಗಲಾರದು, ಹೋಗಿದ್ದರೆ ಹೊರಗೆ ಬರಲಾರದು ಎಂದು ನಿವೇದಿಸಿಕೊಂಡೆ. ಆಕೆ ನಗು ತಡೆಯಲಾರದೆ, ನಾಡಿದ್ದು ಬರುವಷ್ಟರಲ್ಲಿ ಎಲ್ಲವೂ ಖಾಲಿಯಾಗಿರಬೇಕೆಂದು ಗಡುವು ಕೊಟ್ಟು ಇಳಿದರು.

ಗಡುವಿನ ದಿನ ಬೆಳಿಗ್ಗೆ ಪರದೆಗಳನ್ನು ಬಿಚ್ಚಿದೆವು. ಅಧ್ಯಕ್ಷರೂ ಏದುಸಿರು ಬಿಡುತ್ತಾ ತಾರಸಿಗೆ ಬಂದಿದ್ದರು. ಯಜಮಾನರು ಪ್ರತಿ ಬಕೆಟಿನಿಂದಲೂ ಒಂದು ಗಾಜಿನ ಲೋಟ ನೀರು ತೆಗೆದು ಗೋಡೆಯ ಮೇಲೆ ಬಿಸಿಲಿಗೆ ಇಟ್ಟು, ಕನ್ನಡಕ ಸರಿಪಡಿಸಿಕೊಂಡರು. ಏನೂ ಹಾಕದ ನೀರು ಗಂಜಿಯ ತಿಳಿಯಂತೆ ಪೇಲವವಾಗಿತ್ತು. ಯೂರಿಯಾ ಹಾಕಿದ್ದೂ ಅದರ ಹಾಗೆಯೇ; ಹೂರಣವನ್ನು ಎಷ್ಟು ಸುರಿದರೂ ಒಬ್ಬಟ್ಟು ಹೆಚ್ಚಾಗಿರಲಿಲ್ಲ. ಫಾಸ್ಫೇಟಿನ ಲೋಟ ಹಸಿರು. ಸೋಪಿನ ಲೋಟವೂ ಹಸಿರು. ಉಂಡೆಯ ಲೋಟ ಹಸಿರಿನ ಜೊತೆಗೆ ನಾತ. ಅಧ್ಯಕ್ಷರು ಮೂಗಿಗೆ ಟವೆಲು ಹಿಡಿದರು.

ಯಜಮಾನರು ಆ ಕಡೆಯ ಲೋಟವನ್ನು ಎತ್ತಿ, ತಿರುಗಿಸಿ, ಬಹಳ ಹೊತ್ತು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ. ಹುಡುಗಿಗೂ ತಡೆಯಲಾಗಲಿಲ್ಲವೆಂದು ಕಾಣುತ್ತದೆ.

“ಅಂಕಲ್, ಬಕೀಟ್ ಸಣ್ದು, ಉಂಡಿ ಸ್ವಲ್ಪ ಜಾಸ್ತಿ ಆಗಿರಬೇಕ್ರಿ. ಕೆರಿ ಅಂದ್ರ ದೊಡ್ಡದಲ್ರಿ...”

“ಸುಮ್ನಿರಮ್ಮ” ಎಂದರು. “ಪೀಸ್ ಹಾಳಾಗಿದ್ರೆ ಅಳೆಯೋ ಗೇಜ್ ಸರಿಯಿಲ್ಲ ಅಂತ ಹೇಳೋರ್ನ ನಾನು ಬೇಕಾದಷ್ಟ್ ನೋಡಿದೀನಿ. ರಿಜೆಕ್ಟು.”

ಆಮೇಲೆ ಸೋಪಿನ ಲೋಟದ ಕಡೆ ಬೆರಳು ತೋರಿಸಿ ನನ್ನತ್ತ ತಿರುಗಿದರು. “ಇದೂ ರಿಜೆಕ್ಟು. ಇನ್ಮೇಲೆ ಪುಡಿ ಅರ್ಧ ಹಾಕು.”

“ಅರ್ಧ ಹಾಕಿದ್ರೆ ನಿಮ್ ಬನೀನು ಹಸಿರಾಗುತ್ತೆ” ಎಂದೆ.

“ಆಗ್ಲಿ. ನನ್ ಬನೀನಲ್ಲಿ ಯಾರೂ ವಾಕಿಂಗ್ ಬರಲ್ಲ.”

ಅಧ್ಯಕ್ಷರು ಟವೆಲಿನ ಒಳಗಿಂದಲೇ ನಕ್ಕರು. ಬಕೆಟುಗಳ ನೀರನ್ನು ಚರಂಡಿಗೆ ಬಿಟ್ಟರೆ ಮತ್ತೆ ಕೆರೆಗೇ ಹೋಗುತ್ತದೆಂದು ಯಜಮಾನರು ತಡೆದರು. ಸೋಪಿನ ನೀರನ್ನು ಮಣ್ಣಿಗೆ, ಉಳಿದದ್ದನ್ನು ಕರಿಬೇವಿನ ಗಿಡಕ್ಕೂ ದಾಸವಾಳದ ಕುಂಡಗಳಿಗೂ ಹೊಯ್ದೆವು. ಅದೇ ದಿನ ಅವರು ನನ್ನ ಕರಡನ್ನು ಕೇಳಿ ಪಡೆದು ಓದಿದರು. ‘ಮೀನುಗಳಿಗೆ ಆಹಾರ ಹಾಕುವುದನ್ನು ಈ ಮೂಲಕ ನಿಷೇಧಿಸಲಾಗಿದೆ’ ಎಂದಿತ್ತು.

“ಯಾರೂ ಓದಲ್ಲ ಇದನ್ನ. ಯಾಕೆ ಅಂತ ಬರಿ” ಎಂದರು. ‘ನೀವು ಹಾಕುವ ಹಿಟ್ಟು ಪಾಚಿಯ ಪಾಲಾಗುತ್ತದೆ. ಮೀನಿಗೆ ಉಸಿರು ಕಟ್ಟುತ್ತದೆ’ ಎಂದು ಬರೆಸಿದರು. ಈಗ ಮೆಟ್ಟಿಲ ಬಳಿ ನಿಂತಿರುವುದು ಅದೇ. ತಗಡಿನದು, ನೀಲಿ ಬಣ್ಣದ್ದು.

ಫಲಕ ನೆಟ್ಟ ಮರುದಿನ ಬೆಳಿಗ್ಗೆ ಯಜಮಾನರು ಕುರ್ಚಿಯಲ್ಲಿ ಕುಳಿತಿದ್ದರು. ತೀರ್ಪು ಕೊಡುವುದು ಬೇರೆ, ತೀರ್ಪಿನ ಮಾರನೆಯ ದಿನ ಬೇರೆ. ತಾರಸಿಯಲ್ಲಿ ಬಕೆಟುಗಳಿಲ್ಲ, ಅಡುಗೆಮನೆಯಲ್ಲಿ ಹಿಟ್ಟಿಲ್ಲ. ಕರೆದರೆ ಬರುವುದಿಲ್ಲವೆಂಬುದು ನನಗೆ ಮದುವೆಯಾದ ವರ್ಷದಿಂದ ಗೊತ್ತು. ಸುಮ್ಮನೆ ಶೂಗಳನ್ನು ಹಾಕಿಕೊಂಡು, ಬೇಕೆಂದೇ ನಿಧಾನವಾಗಿ ದಾರ ಕಟ್ಟಿ, ಗೇಟಿನವರೆಗೆ ಹೋದೆ.

“ಇರು, ಬಂದೆ” ಎಂಬ ದನಿ ಬಂತು. “ಅವಕ್ಕೆ ಒಂದ್ ಮಾತು ಹೇಳ್ಬೇಕಲ್ಲ.”

ಮೆಟ್ಟಿಲಿನ ಬಳಿ ಹೋಗಿ ನಿಂತರು. ನೆರಳು ಕಂಡದ್ದೇ ಮೀನುಗಳು ಬಂದವು. ಹಸಿರು ನೀರಿನ ಮೇಲೆ ಬಾಯಿಗಳಷ್ಟೇ ಕಾಣುತ್ತಿದ್ದವು. ಯಜಮಾನರು ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದರು. ಸ್ವಲ್ಪ ಹೊತ್ತು ಬಾಯಿ ಬಿಟ್ಟುಕೊಂಡಿದ್ದು, ಒಂದೊಂದಾಗಿ ಸರಿದು ಹೋದವು.

“ಏನಂದ್ವು?” ಎಂದು ಕೇಳಿದೆ.

“ಬಂದ್ವು, ನೋಡಿದ್ವು, ಬೈಕೊಂಡ್ ಹೋದ್ವು.”

ಆ ಮೇಲೆ ಅವರಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದರು, ಬಿಟ್ಟರು, ಮತ್ತೆ ಕಟ್ಟಿದರು. ಮನೆಯ ದಾರಿಯ ಕಡೆ ಒಮ್ಮೆ ನೋಡಿದರು. ನಾನು ಬಗ್ಗಿ, ಸಡಿಲವಾಗದ ಶೂ ದಾರವನ್ನು ಮತ್ತೊಮ್ಮೆ ಬಿಗಿದೆ.

“ನೀನು ದಿನಾ ಎಲ್ಲೀಗಂಟ ಹೋಗ್ತೀಯ?”

“ಒಂದ್ ಸುತ್ತು.”

“ಪೂರ್ತಿನಾ?”

“ಪೂರ್ತಿ.”

“ಬೇಜಾರಾಗಲ್ವಾ?”

“ಆಗುತ್ತೆ. ಯಾರೂ ಮಾತಾಡೋರಿರಲ್ವಲ್ಲ.”

ಅವರು ನನ್ನ ಜೊತೆ ಹೊರಟರು. ಸುತ್ತಿನ ಉದ್ದಕ್ಕೂ ತಪಾಸಣೆ ನಡೆಯಿತು. ಬೇಲಿ ಇಲ್ಲಿ ಮುರಿದಿದೆ, ಕಲ್ಲುಬೆಂಚು ವಾಲಿದೆ, ನೀನು ಎಡಗಾಲನ್ನು ಎಳೆದು ಹಾಕುತ್ತೀಯ. ಕೆರೆಗೆ ಚರಂಡಿ ಬಂದು ಸೇರುವ ಕಡೆ ಬೆಳ್ಳಗೆ ನೊರೆ ಎದ್ದಿತ್ತು. ಅಲ್ಲಿ ನಿಂತು ಬಗ್ಗಿ ನೋಡಿದರು. ನಮ್ಮ ಮನವಿಗೆ ಉತ್ತರ ಇನ್ನೂ ಬಂದಿಲ್ಲವೆಂಬುದನ್ನೂ, ಉಂಡೆ ನಿಲ್ಲಿಸಿದ ಮಾತ್ರಕ್ಕೆ ನೀರು ತಿಳಿಯಾಗಿಲ್ಲವೆಂಬುದನ್ನೂ ಓದುಗರಿಂದ ಮುಚ್ಚಿಡುವುದಿಲ್ಲ.

“ಈ ನೊರೆ ಯಾವ್ ಬೀದಿಯಿಂದ ಬರ್ತಿದೆ?”

“ನಂಗೇನ್ ಗೊತ್ತು? ಚರಂಡಿ ಪಕ್ಕಾನೇ ಹಿಂದಕ್ಕೆ ನಡ್ಕೊಂಡ್ ಹೋಗಿ ನೋಡ್ಬೇಕು.”

“ದೂರ ಆಗುತ್ತೆ” ಎಂದರು. ನೊರೆಯನ್ನು ಇನ್ನೊಮ್ಮೆ ನೋಡಿದರು. “ನಾಳೆ ಸ್ವಲ್ಪ ಬೇಗ ಹೊರಡೋಣ.”

ಎಷ್ಟು ಬೇಗ, ಎಷ್ಟು ದೂರ ಎಂದು ನಾನು ಕೇಳಲಿಲ್ಲ. ಮಂಜೂರಾಗಿ ಬಂದದ್ದಕ್ಕೆ ಸ್ಪಷ್ಟೀಕರಣ ಕೋರುವಷ್ಟು ಅವಿವೇಕಿ ನಾನಲ್ಲ.